ಕ್ರೇನಕ್ಕ ಭಾರ ಬಿಟ್ಟಿದ್ದು

ನನ್ನ ಅಂಗಡಿಗೆ ನಗುನಗುತ್ತಾ ಬರುವ ಗಿರಾಕಿ ಇಲ್ಲ. ಗಾಲಿಕುರ್ಚಿ, ಹಿಡಿಕೆ ತಿರುಗಿಸಿದರೆ ತಲೆಕಡೆ ಏಳುವ ಮಂಚ, ನಾಲ್ಕು ಕಾಲಿನ ಊರುಗೋಲು, ಬೆಡ್‌ಪ್ಯಾನು, ಇವನ್ನೆಲ್ಲ ಬಾಡಿಗೆಗೆ ಕೊಡುವುದು ನನ್ನ ವ್ಯಾಪಾರ. ಬಂದವರೆಲ್ಲ "ಸ್ವಲ್ಪ ದಿನಕ್ಕೆ ಸಾಕು" ಅಂತಲೇ ಕೇಳುತ್ತಾರೆ. ಗುಣವಾಗುತ್ತೆ ಅನ್ನುವ ಅರ್ಥದಲ್ಲೋ ಇನ್ನೊಂದು ಅರ್ಥದಲ್ಲೋ ಅಂತ ನಾನು ಕೆದಕುವುದಿಲ್ಲ. ಹೊರಡುವವರಿಗೆ "ಮತ್ತೆ ಬನ್ನಿ" ಅನ್ನುವ ಹಾಗೂ ಇಲ್ಲ. ಹೊಸದರಲ್ಲಿ ಒಮ್ಮೆ ಬಾಯಿ ತಪ್ಪಿ ಅಂದು, ಒಬ್ಬ ಗಿರಾಕಿಯಿಂದ ಚೆನ್ನಾಗಿ ಉಗಿಸಿಕೊಂಡಿದ್ದೇನೆ.

ಇಂಥ ಅಂಗಡಿಗೆ ಮಾರುಕಟ್ಟೆಗೆ ಬಂದಷ್ಟು ಸಲೀಸಾಗಿ ಬಂದು, ಮಂಚವನ್ನು ಗುದ್ದಿ ನೋಡಿ, "ಏನಣ್ಣಾ, ಇದು ಪೇಷಂಟಿಗಿಂತ ಜಾಸ್ತಿ ನರಳುತ್ತೆ" ಅಂತ ದಬಾಯಿಸುತ್ತಿದ್ದವಳು ಕ್ರೇನಕ್ಕ ಒಬ್ಬಳೇ. ಹಾಸಿಗೆ ಹಿಡಿದವರ ಮನೆಗೆ ಹೋಗಿ, ಅಲ್ಲೇ ಉಳಿದು, ಅವರನ್ನು ನೋಡಿಕೊಳ್ಳುವುದು ಅವಳ ಕೆಲಸ. ಆ ಹೆಸರಿಟ್ಟವನು ನನ್ನ ಅಂಗಡಿಗೆ ಬಂದುಹೋಗುವ ಒಬ್ಬ ಆಂಬುಲೆನ್ಸ್ ಡ್ರೈವರ್. ಆಳು ಗಿಡ್ಡ, ಸಣಕಲು. ಗಾಳಿಗೆ ಹಾರಿಹೋಗದಿರಲಿ ಅಂತಲೇ ಅಷ್ಟು ದೊಡ್ಡ ಚೀಲ ಹೊರುತ್ತಾಳೆ ಅನ್ನಿಸಬೇಕು. ಆದರೆ ಎಂಥ ದಢೂತಿ ಮನುಷ್ಯನನ್ನೂ ಕಂಕುಳಿಗೆ ಕೈಕೊಟ್ಟು, ಮಂಡಿಗೆ ಮಂಡಿ ಕೊಟ್ಟು, ಮಂಚದಿಂದ ಕುರ್ಚಿಗೆ ಎತ್ತಿ ಕೂರಿಸಿಬಿಡುತ್ತಿದ್ದಳು.

"ತಲೆ ಮೇಲೆ ಒಂದು ಕೆಂಪು ದೀಪ ಕಟ್ಟಿಸ್ಕೋ ಅಕ್ಕ, ವಿಮಾನಗಳು ಡಿಕ್ಕಿ ಹೊಡೀತವೆ" ಅನ್ನುತ್ತಿದ್ದ ಡ್ರೈವರ್.

"ನಿನ್ನನ್ನ ಎತ್ತೋ ದಿನಾನೂ ಬರುತ್ತೆ, ಆಗ ದೀಪ ಹಾಕ್ಕೊಂಡು ಬರ್ತೀನಿ" ಅನ್ನುತ್ತಿದ್ದಳು ಇವಳು.

ಈ ಕೆಲಸದವರಲ್ಲಿ ಒಂದು ಮಾತಿದೆ. ರೋಗಿ ತೀರಿಕೊಂಡರೆ ಸತ್ತರು ಅನ್ನುವುದಿಲ್ಲ, ಹೋದರು ಅಂತಲೂ ಅನ್ನುವುದಿಲ್ಲ. "ಭಾರ ಬಿಟ್ಟರು" ಅನ್ನುತ್ತಾರೆ. ಯಾಕೆ ಅಂತ ನಾನೊಮ್ಮೆ ಕೇಳಿದ್ದೆ. "ಉಸಿರಿರೋ ತನಕ ಮನುಷ್ಯ ತನ್ನನ್ನ ತಾನು ಒಂಚೂರು ಹಿಡ್ಕೊಂಡಿರ್ತಾನೆ ಅಣ್ಣ. ಮೈಮೇಲೆ ಜ್ಞಾನ ಇಲ್ಲದಿದ್ರೂ ಎಲ್ಲೋ ಒಂದು ಕಡೆ ಬಿಗಿ ಇರುತ್ತೆ. ಅದು ಹೋಯ್ತು ಅಂದ್ರೆ ಕೈಗೇ ಗೊತ್ತಾಗುತ್ತೆ. ಡಾಕ್ಟರಿಗಿಂತ ಮೊದಲು ನಮ್ಮ ತೋಳಿಗೆ ಗೊತ್ತಾಗುತ್ತೆ" ಅಂದಿದ್ದಳು. ವೈದ್ಯಶಾಸ್ತ್ರ ಇದಕ್ಕೆ ಏನನ್ನುತ್ತದೋ ನನಗೆ ತಿಳಿಯದು. ಅವಳು ನಂಬಿದ್ದು ಇದು.

ಅವಳಿಗೊಬ್ಬಳು ಮಗಳು. ಗಂಡ ಅನ್ನುವವನು ಮಗು ತೆವಳುವ ಹೊತ್ತಿಗೆ ಕೆಲಸ ಹುಡುಕಿಕೊಂಡು ಬರುತ್ತೇನೆಂದು ಹೋದ, ಇನ್ನೂ ಹುಡುಕುತ್ತಲೇ ಇರಬೇಕು. ಕ್ರೇನಕ್ಕ ಕೂಸನ್ನು ತನ್ನ ತಾಯಿಯ ಹತ್ತಿರ ಬಿಟ್ಟು ಬೇರೆಯವರ ಮನೆಗಳಲ್ಲಿ ಉಳಿಯತೊಡಗಿದಳು. ರಜೆ ಸಿಕ್ಕಿದ ದಿನ ಹೋಗಿ ನೋಡಿಕೊಂಡು ಬರುವುದು. ಹುಡುಗಿ ಮಾತು ಕಲಿತ ಹೊಸತರಲ್ಲೇ ಲೆಕ್ಕ ಸರಿಮಾಡಿಕೊಂಡಿತ್ತು: ಅಜ್ಜಿ "ಇರೋ ಅಮ್ಮ", ಇವಳು "ಬರೋ ಅಮ್ಮ". ಎಲ್ಲರೂ ನಕ್ಕರು, ಇವಳೂ ನಕ್ಕಳು. ನಮ್ಮಲ್ಲಿಗೆ ಬಂದಾಗ ಇದನ್ನು ಜೋಕಿನ ಹಾಗೆಯೇ ಹೇಳಿದ್ದಳು. ನನ್ನ ಹೆಂಡತಿ ಮಾತ್ರ ನಗಲಿಲ್ಲ.

ಆ ಮಗಳು ಬೆಳೆದು ನಾಟ್ಯ ಕಲಿತಳು. ನಾಟ್ಯ ಅಂದರೆ ಸಿಂಗಾರ ಮಾಡಿಕೊಂಡು ನಗುತ್ತಾ ಕುಣಿಯುವುದಲ್ಲ. ಇವಳು ಕಲಿತದ್ದಕ್ಕೆ ಸಮಕಾಲೀನ ನೃತ್ಯ ಅನ್ನುತ್ತಾರಂತೆ. ಬರಿಗಾಲು, ಮಾಸಲು ಬಟ್ಟೆ, ನೆಲದ ಮೇಲೆ ಉರುಳಾಟ, ಒಬ್ಬರ ಬೆನ್ನಮೇಲೆ ಇನ್ನೊಬ್ಬರ ಸವಾರಿ. "ಇಷ್ಟು ಬೀಳೋದಕ್ಕೆ ಕಲಿಯೋದು ಬೇರೆ ಬೇಕಾ? ನನ್ನ ಪೇಷಂಟುಗಳು ಕಲೀದೇನೇ ಬೀಳ್ತಾರೆ" ಅಂತ ತಾಯಿ ಅಂದಿದ್ದಕ್ಕೆ ಮಗಳು ಒಂದು ವಾರ ಮಾತು ಬಿಟ್ಟಿದ್ದಳು. ಅಜ್ಜಿಯೇ ರಾಜಿ ಮಾಡಿಸಿದ್ದು.

ಆ ಅಜ್ಜಿ ಒಂದು ಬೆಳಿಗ್ಗೆ ಬಚ್ಚಲುಮನೆಯಲ್ಲಿ ಬಿದ್ದಳು. ಮನೆಯಲ್ಲಿದ್ದದ್ದು ಮೊಮ್ಮಗಳು ಒಬ್ಬಳೇ. ತಾಯಿಗೆ ಫೋನಿನ ಮೇಲೆ ಫೋನು ಮಾಡಿದಳು. ತಾಯಿ ಊರಿನ ಆ ತುದಿಯಲ್ಲಿ, ಒಬ್ಬ ನಿವೃತ್ತ ಮೇಷ್ಟ್ರ ಹೆಂಡತಿಯ ತಲೆ ಬಾಚುತ್ತಿದ್ದಳು. ರೋಗಿಗೆ ತೊಂದರೆಯಾಗಬಾರದೆಂದು ಆ ಮನೆಯಲ್ಲಿ ಫೋನಿನ ಬಾಯಿ ಯಾವಾಗಲೂ ಕಟ್ಟಿಡಬೇಕೆಂದು ಕಟ್ಟಪ್ಪಣೆ, ಒಂದು ಕರೆಯೂ ಅವಳಿಗೆ ಕೇಳಿಸಲಿಲ್ಲ. ಹುಡುಗಿ ಒದ್ದೆ ನೆಲದಿಂದ ಅಜ್ಜಿಯನ್ನು ಎತ್ತಲು ನೋಡಿದ್ದಾಳೆ, ಕೂಗಿದ್ದಾಳೆ, ಮತ್ತೆ ಎತ್ತಲು ನೋಡಿದ್ದಾಳೆ. ಪಕ್ಕದ ಮನೆಯವರು ಕೇಳಿಸಿಕೊಂಡು ಬಂದರು, ಆಂಬುಲೆನ್ಸೂ ಬಂತು. ಓಡಿಸಿದವನು ನಮ್ಮ ಡ್ರೈವರೇ. ಆಸ್ಪತ್ರೆ ಗೇಟಿನ ಒಳಗೆ ತಿರುಗುವಷ್ಟರಲ್ಲಿ ಮುದುಕಿ ಭಾರ ಬಿಟ್ಟಳು. ಕ್ರೇನಕ್ಕ ಬಂದು ಸೇರಿದಾಗ ಮುಖಕ್ಕೆ ಬಟ್ಟೆ ಮುಚ್ಚಿತ್ತು.

ಆಮೇಲೆ ಮಗಳು ಅದೇ ಬಾಡಿಗೆ ಮನೆಯಲ್ಲಿ ಒಬ್ಬಳೇ ಉಳಿದಳು. ತಾಯಿ ಕೆಲಸ ಬಿಟ್ಟು ಬರುತ್ತೇನೆ ಅಂದಾಗ "ಈಗ್ಯಾಕೆ?" ಅಂದಳಂತೆ. ನಿದ್ದೆ ಬರದೆ ಕೆನ್ನೆ ಒಳಗೆ ಹೋಗಿತ್ತು, ಕಣ್ಣ ಸುತ್ತ ಕಪ್ಪು. ನಿದ್ದೆಯ ಮಾತ್ರೆ ಕೊಟ್ಟರೂ ಅರೆಗಣ್ಣಲ್ಲಿ ಎದ್ದು ಕೂತು ಎರಡೂ ಕೈಯಿಂದ ಏನನ್ನೋ ಎತ್ತುವ ಹಾಗೆ ಮಾಡುತ್ತಾಳೆ ಅಂತ ಕೆಲವು ರಾತ್ರಿ ಜತೆಗೆ ಮಲಗಲು ಹೋಗಿದ್ದ ಪಕ್ಕದ ಮನೆಯಾಕೆ ಹೇಳಿದಳಂತೆ. ಕ್ರೇನಕ್ಕ ಇದನ್ನು ನನಗೆ ಹೇಳಿದಾಗ ಅವಳ ಕೈಯಲ್ಲಿ ನನ್ನ ಅಂಗಡಿಯ ಊರುಗೋಲಿತ್ತು. ಅದರ ಎತ್ತರ ಸರಿಮಾಡುವ ಗುಂಡಿಯನ್ನು ಒತ್ತುತ್ತಾ ಬಿಡುತ್ತಾ ನಿಂತಿದ್ದಳು.

ಹೀಗಿರುವಾಗ ಆ ಹುಡುಗಿ ನನ್ನ ಅಂಗಡಿಗೇ ಬಂದಳು. ಊರಲ್ಲಿ ನೃತ್ಯೋತ್ಸವ. ಹೊಸದಾಗಿ ನೃತ್ಯ ಸಂಯೋಜನೆ ಮಾಡುವವರಿಗೆ ಅದರಲ್ಲಿ ಒಂದು ಮಧ್ಯಾಹ್ನ ಬಿಟ್ಟಿದ್ದರು, ಒಂದು ಷರತ್ತಿನ ಮೇಲೆ: ಹುಟ್ಟಿದಾಗಿನಿಂದ ಒಂದು ಹೆಜ್ಜೆಯೂ ಕುಣಿಯದ ಒಬ್ಬರನ್ನು ಜತೆಗೆ ಕರೆದುಕೊಂಡು ರಂಗದ ಮೇಲೆ ಬರಬೇಕು. "ಅಮ್ಮನ್ನ ಸೇರಿಸ್ಕೊಂಡಿದೀನಿ. ಒಂದು ಮಂಚ ಬೇಕು ಅಂಕಲ್" ಅಂದಳು.

ತಾಯಿಯ ಸಂಭ್ರಮ ನೋಡಬೇಕಿತ್ತು. "ಅವಳಾಗೇ ಕೇಳಿದಳು ಅಣ್ಣ. ನಾನು ಕೇಳಿದ್ದಲ್ಲ, ಅವಳಾಗೇ" ಅಂತ ಡ್ರೈವರಿಗೂ ಹೇಳಿದಳು, ನನಗೂ ಹೇಳಿದಳು, ಬೆಡ್‌ಪ್ಯಾನು ಒಯ್ಯಲು ಬಂದಿದ್ದ ಅಪರಿಚಿತರಿಗೂ ಹೇಳಿದಳು.

ನನ್ನ ಮಂಚದ ಮೇಲೆ ಯಾರ್ಯಾರು ನೆಗೆಯುತ್ತಾರೋ ಅನ್ನುವ ಭಯದಿಂದ ತಾಲೀಮಿಗೆ ನಾನೇ ಹೋಗುತ್ತಿದ್ದೆ. "ಕಲೆಗೆ ಇಷ್ಟು ಹೆದರಿದರೆ ಹೇಗ್ರೀ?" ಅಂದಳು ಹೆಂಡತಿ. "ಕಲೆ ಹಾಸಿಗೆ ಮೇಲೆ ಆಗದಿದ್ರೆ ಸಾಕು" ಅಂದೆ.

ತಾಲೀಮು ನಡೆಯುತ್ತಿದ್ದದ್ದು ಮುಚ್ಚಿಹೋದ ಬಿಸ್ಕತ್ ಕಾರ್ಖಾನೆಯಲ್ಲಿ. ಯಂತ್ರ ಕಿತ್ತ ಜಾಗದಲ್ಲಿ ನೆಲದ ತುಂಬ ಬೋಲ್ಟಿನ ತೂತು, ಅದರ ಮೇಲೆ ಕಪ್ಪು ರಬ್ಬರಿನ ಹಾಸು. ಗೋಡೆಗೆ ಇನ್ನೂ ಸುಟ್ಟ ಸಕ್ಕರೆಯ ವಾಸನೆ. ಹುಡುಗಿಗೆ ಮಾರ್ಗದರ್ಶನಕ್ಕೆಂದು ಉತ್ಸವದವರು ಒಬ್ಬ ಹಿರಿಯ ನರ್ತಕಿಯನ್ನು ಕೊಟ್ಟಿದ್ದರು. ಗಿಡ್ಡ ಕೂದಲಿನ, ನಿಧಾನಕ್ಕೆ ಮಾತಾಡುವ ಹೆಂಗಸು. ಕೂರುವುದು ನೆಲದ ಮೇಲೇ. ನಾನು ಕುರ್ಚಿ ತರಲೇ ಅಂದರೆ ನನ್ನನ್ನೇ ಪಾಪ ಅನ್ನುವ ಹಾಗೆ ನೋಡುತ್ತಿದ್ದಳು.

ನೃತ್ಯದ ಕತೆ ಇಷ್ಟೇ. ತಾಯಿ ಅಜ್ಜಿಯಾಗಿ ಮಂಚದ ಮೇಲೆ ಮಲಗಿರುತ್ತಾಳೆ. ಮಗಳು ಹಿಡಿಕೆ ತಿರುಗಿಸುತ್ತಾಳೆ, ತಲೆಕಡೆ ಮೇಲೇಳುತ್ತದೆ, ಅಜ್ಜಿ ಮೆಲ್ಲಗೆ ಜಾರಿ ನೆಲಕ್ಕೆ ಬೀಳುತ್ತಾಳೆ. ಮಗಳು ಅವಳನ್ನು ನೆಲದಿಂದ ಎತ್ತಿ, ಎದೆಗೊತ್ತಿಕೊಂಡು, ಮತ್ತೆ ಮಂಚಕ್ಕೆ ಸೇರಿಸಬೇಕು. ಮಾತಿಲ್ಲ, ಸಂಗೀತವಿಲ್ಲ. ಆವತ್ತು ಆಗದೆ ಹೋದದ್ದನ್ನು ಆ ಹುಡುಗಿ ರಂಗದ ಮೇಲಾದರೂ ಮಾಡಿ ಮುಗಿಸಬೇಕು ಅಂತ ಹೊರಟಿದ್ದಳು.

ಮೊದಲ ತಾಲೀಮಿನಲ್ಲೇ ಎಡವಟ್ಟಾಯಿತು. ಹಿರಿಯ ನರ್ತಕಿ ಬಹಳ ಮೃದುವಾಗಿ, "ಅಮ್ಮಾ, ಈಗ ನಿಮ್ಮ ಭಾರ ಬಿಡಿ" ಅಂದಳು.

ಕ್ರೇನಕ್ಕ ತಟ್ಟನೆ ಎದ್ದು ಕೂತಳು. "ಏನಂದ್ರಿ? ಬಾಯಲ್ಲಿ ಒಳ್ಳೇ ಮಾತು ಬರಲ್ವೇನ್ರೀ ನಿಮಗೆ?"

ನಾನು ನಡುವೆ ಹೋಗಿ ಅರ್ಥ ಬಿಡಿಸಿ ಹೇಳಬೇಕಾಯಿತು. ನಾಟ್ಯದವರಿಗೆ ಭಾರ ಬಿಡುವುದು ಅಂದರೆ ಇನ್ನೊಬ್ಬರನ್ನು ನಂಬಿ ಮೈಯನ್ನು ಪೂರ್ತಿ ಅವರ ಕೈಗೆ ಒಪ್ಪಿಸುವುದಂತೆ. ದಿನಾ ಬೆಳಿಗ್ಗೆ ಎದ್ದು ಅದನ್ನೇ ಅಭ್ಯಾಸ ಮಾಡುತ್ತಾರಂತೆ. ಎಲ್ಲರೂ ನಕ್ಕರು. ಆದರೆ ಮಗಳು ನಗಲಿಲ್ಲ. "ಅಮ್ಮ ಅಂದ್ಕೊಂಡಿರೋ ಅರ್ಥಾನೇ ನಂಗೆ ಬೇಕಾಗಿರೋದು" ಅಂದಳು. "ಹೋದವರ ಭಾರ."

ತಾಯಿಗೆ ಅದು ಆಗಲಿಲ್ಲ. ಕಣ್ಣು ಮುಚ್ಚಿ ಶವದ ಹಾಗೆ ಮಲಗುತ್ತಿದ್ದಳೇನೋ ನಿಜ. ಮಗಳ ಕೈ ಕಂಕುಳಿಗೆ ತಾಗಿತೋ, ಇವಳ ಹೊಟ್ಟೆ ಬಿಗಿಯುತ್ತಿತ್ತು, ಹಿಮ್ಮಡಿ ಕದ್ದು ನೆಲ ಒದೆಯುತ್ತಿತ್ತು. ಮಗಳು ಎತ್ತುವ ಮೊದಲೇ ಇವಳು ಅರ್ಧ ಎದ್ದಿರುತ್ತಿದ್ದಳು. ನೋಡುವವರಿಗೆ ಅದು ಚೆಂದವೇ, ಹೂವಿನ ಹಾಗೆ ಮೇಲೆ ಬರುತ್ತಿದ್ದಳು. ಎತ್ತುವವಳಿಗೆ ಮೋಸ ಗೊತ್ತಾಗುತ್ತಿತ್ತು.

"ಅಮ್ಮ, ನೀನು ಸಹಾಯ ಮಾಡ್ತಾ ಇದೀಯ."

"ಇಲ್ಲ ಕಣೇ."

"ಮಾಡ್ತಾ ಇದೀಯ. ಬಿಡು ಅಂದ್ರೆ ಬಿಡು."

"ನಿನ್ನ ಸೊಂಟ ಹಿಡ್ಕೊಂಡ್ರೆ ಏನು ಮಾಡ್ತೀಯ? ಊಟ ನಿದ್ದೆ ಇಲ್ಲದ ಮೈ—"

"ಆವತ್ತು ಬರಲಿಲ್ಲ. ಈಗ ಸಹಾಯ ಮಾಡ್ತೀಯಾ?"

ನಾನು ನನ್ನ ಮಂಚದ ನಟ್ಟು ಬಿಗಿಯಾಗಿದೆಯೋ ನೋಡತೊಡಗಿದೆ. ಹುಡುಗಿ ತಾಯಿಯ ಕಡೆ ಬೆನ್ನು ಮಾಡಿ, ಹಿರಿಯ ನರ್ತಕಿಗೆ ಹೇಳುವ ಹಾಗೆ ಹೇಳಿದಳು: "ಅರ್ಧ ಎತ್ತಿದ್ದೆ. ಕೈ ಜಾರಿತು. ತಲೆ ನೆಲಕ್ಕೆ ಬಡೀತು. ಬಿದ್ದಾಗ ಮಾತಾಡ್ತಾ ಇದ್ದಳು, ನಾನು ಕೈಬಿಟ್ಟ ಮೇಲೆ ಮಾತಾಡಲಿಲ್ಲ." ಆಮೇಲೆ, "ನಾನು ಎತ್ತೋ ಹಾಗಿದ್ದಿದ್ರೆ ಅವಳು ಇರ್ತಿದ್ದಳು" ಅಂದಳು.

ಇದು ತಾಯಿಗೂ ಹೊಸ ಸುದ್ದಿ. ಆ ದಿನದ ತಾಲೀಮು ಅಲ್ಲಿಗೆ ಮುಗಿಯಿತು.

ಮಾರನೆಯ ದಿನ ಅವಳು ಅಂಗಡಿಗೆ ಬಂದಳು. ಹಿಂದಿನ ಕೋಣೆಯಲ್ಲಿ ರಿಪೇರಿಗೆ ಬಂದ ಮಂಚವೊಂದಿತ್ತು. ಚಪ್ಪಲಿ ಬಿಟ್ಟು ಅದರ ಮೇಲೆ ಮಲಗಿ, "ಅಣ್ಣ, ನನ್ನ ಕೈ ಎತ್ತಿ ನೋಡಿ. ಭಾರ ಇದೆಯಾ ಹೇಳಿ" ಅಂದಳು. ಅಂಗಡಿಯ ಬಾಗಿಲು ತೆರೆದೇ ಇತ್ತು. ಯಾರಾದರೂ ಗಿರಾಕಿ ಬಂದರೆ ಏನೆಂದುಕೊಂಡಾರು ಅಂತ ನನಗೆ ಪೀಕಲಾಟ. ಎತ್ತಿದೆ.

"ಏನಮ್ಮಾ ಇದು, ನಾನು ಎತ್ತೋದಿರಲಿ, ನಿನ್ನ ಕೈಯೇ ನನ್ನ ಕೈನ ಎತ್ತುತ್ತಾ ಇದೆ."

"ಈಗ?"

"ಈಗಲೂ ಹಾಗೇ."

ನನ್ನ ಹೆಂಡತಿಯನ್ನು ಕರೆಸಿ ಅವಳಿಂದಲೂ ಎತ್ತಿಸಿದ್ದಾಯಿತು. "ತೂಕದಲ್ಲಿ ಮೋಸ" ಅಂದಳು ಅವಳೂ. ಕ್ರೇನಕ್ಕ ನಕ್ಕಳು, ನಗುತ್ತಲೇ ಚಾವಣಿ ನೋಡುತ್ತಾ ಮಲಗಿದ್ದಳು. ಆಮೇಲೆ ಹೇಳಿದಳು:

"ಅವಳಿಗೆ ಒಂದು ಮಾತು ಹೇಳಿದ್ರೆ ಮುಗೀತು. ಬಾಯಿಗೆ ಬರ್ತಿಲ್ಲ."

"ಏನು?"

"ನೆಲದಿಂದ ಎತ್ತೋದು ಒಬ್ಬರ ಕೆಲಸ ಅಲ್ಲ ಅಣ್ಣ. ನನ್ನನ್ನ ಕ್ರೇನು ಅಂತೀರಲ್ಲ, ನಾನು ಎತ್ತೋದು ಮಂಚದಿಂದ. ಅವರೂ ಒಂಚೂರು ಹಿಡ್ಕೊಂಡಿರ್ತಾರೆ. ಒದ್ದೆ ನೆಲದಲ್ಲಿ ಸಡಿಲ ಬಿದ್ದ ಮೈನ ಇಷ್ಟು ವರ್ಷದಲ್ಲಿ ನಾನು ಒಬ್ಬಳೇ ಎತ್ತಿಲ್ಲ. ಕೈ ಜಾರೇ ಜಾರುತ್ತೆ. ಇಬ್ಬರು ಬೇಕು."

"ಮತ್ತೆ ಹೇಳಿಬಿಡು. ಆ ಮಗು ನಿದ್ದೆ ಮಾಡಲಿ" ಅಂದಳು ನನ್ನ ಹೆಂಡತಿ.

"ಇಬ್ಬರು ಬೇಕು ಅಂದ್ರೆ, ಇನ್ನೊಬ್ಬಳು ಎಲ್ಲಿದ್ದಳು ಅಂತ ಬರುತ್ತಲ್ಲ ಅಕ್ಕ" ಅಂದಳು ಕ್ರೇನಕ್ಕ.

ನನ್ನ ಹೆಂಡತಿ ಟೀ ಮಾಡುತ್ತೇನೆ ಅಂತ ಒಳಗೆ ಹೋದಳು.

ಉತ್ಸವದ ಮಧ್ಯಾಹ್ನ ಮಂಚವನ್ನು ರಂಗದ ಪಕ್ಕಕ್ಕೆ ತಲುಪಿಸಿ, ಪರದೆಯ ಮರೆಯಲ್ಲೇ ನಿಂತೆ. ಇವರಿಗಿಂತ ಮೊದಲು ಒಬ್ಬ ಹುಡುಗ ಕಟಿಂಗ್ ಶಾಪಿನ ಯಜಮಾನನ ಜತೆ ಬಂದು, ಇಬ್ಬರೂ ಬಹಳ ಹೊತ್ತು ಒಬ್ಬರ ತಲೆಯನ್ನೊಬ್ಬರು ಸವರಿದರು. ಚಪ್ಪಾಳೆ ಬಿತ್ತು. ಪಕ್ಕದಲ್ಲಿ ಕ್ರೇನಕ್ಕ ಬೂದು ಬಣ್ಣದ ಸಡಿಲ ಬಟ್ಟೆಯಲ್ಲಿ, ಕೂದಲು ಬಿಚ್ಚಿಕೊಂಡು ನಿಂತಿದ್ದಳು. ಥೇಟ್ ಅವಳ ತಾಯಿಯೇ.

ಬೆಳಕು ಬಂತು. ಮಂಚ, ಹಿಡಿಕೆಯ ಕಿರಕಿರ, ಮೆಲ್ಲಗೆ ಏಳುವ ತಲೆಕಡೆ. ಕ್ರೇನಕ್ಕ ಜಾರಿ ನೆಲಕ್ಕೆ ಬಿದ್ದಳು. ಆ ಸದ್ದಿಗೇ ನನಗೆ ಗೊತ್ತಾಗಿಹೋಯಿತು. ತಾಲೀಮಿನಲ್ಲಿ ಅವಳು ಯಾವತ್ತೂ ಹಾಗೆ ಬಿದ್ದಿರಲಿಲ್ಲ. ಮೂಟೆ ಬಿದ್ದ ಹಾಗೆ ಬಿದ್ದಳು.

ಮಗಳು ಕಂಕುಳಿಗೆ ಕೈ ಹಾಕಿ ಎತ್ತಿದಳು. ಮೈ ಬರಲಿಲ್ಲ. ಭುಜ ಮೇಲೆ ಬಂತು, ತಲೆ ಹಿಂದಕ್ಕೆ ವಾಲಿತು, ಸೊಂಟ ನೆಲದಲ್ಲೇ ಉಳಿಯಿತು. ಹುಡುಗಿಯ ಮುಖದಲ್ಲಿ ಗಾಬರಿ. ಹಿಂದಿನಿಂದ ಎದೆಯ ಸುತ್ತ ತೋಳು ಬಳಸಿ ಮತ್ತೆ ಎಳೆದಳು. ಅರ್ಧ ಬಂತು. ಮಗಳ ಉಸಿರು ನಮಗೆ ಕೇಳುತ್ತಿತ್ತು. ತಾಯಿಯ ಹಿಮ್ಮಡಿಯನ್ನೇ ನೋಡುತ್ತಿದ್ದೆ, ಒದೆಯಲಿಲ್ಲ. ಕೈ ಜಾರಿತು. ತಲೆ ನೆಲಕ್ಕೆ ಬಡಿಯುವ ಮೊದಲು ಹುಡುಗಿ ತನ್ನ ಅಂಗೈ ಅಡಿಗೆ ಒಡ್ಡಿದಳು. ಗೆಣ್ಣು ಹಲಗೆಗೆ ತಾಗಿದ ಸದ್ದು ಕೊನೆಯ ಸಾಲಿನವರೆಗೂ ಹೋಗಿರಬೇಕು. ತಾಯಿ ಕತ್ತು ಬಿಗಿಹಿಡಿಯಲಿಲ್ಲ. ಹೆತ್ತ ಮಗಳು ಮೇಲೆ ಒದ್ದಾಡುತ್ತಿರುವಾಗ ಸುಮ್ಮನೆ ಭಾರವಾಗಿ ಬಿದ್ದಿರುವುದು ಎಂಥ ಕೆಲಸವೋ ಅವಳಿಗೇ ಗೊತ್ತು.

ಆಮೇಲೆ ಹುಡುಗಿ ಕೂಗಿದಳು. ಆ ನೃತ್ಯದಲ್ಲಿ ಮಾತಿರಲಿಲ್ಲ. "ಯಾರಾದ್ರೂ ಬನ್ನಿ! ಯಾರಾದ್ರೂ ಬನ್ರೀ!"

ಸಭೆಯಲ್ಲಿ ಒಬ್ಬರೂ ಏಳಲಿಲ್ಲ. ಟಿಕೆಟ್ ಕೊಂಡವರು ಸಹಾಯಕ್ಕೆ ಬರುವ ರೂಢಿ ಇಲ್ಲ. ನಾನು ಹೆಜ್ಜೆ ಎತ್ತಿದ್ದೆ, ಹಿರಿಯ ನರ್ತಕಿ ನನ್ನ ತೋಳು ಹಿಡಿದಳು. ಹುಡುಗಿ ಕೂಗಿ ಕೂಗಿ ಸಾಕಾಗಿ, ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೇ ಕೂತಳು. ಎತ್ತುವ ಪ್ರಯತ್ನ ಬಿಟ್ಟಳು. ಬೆಳಕು ಮೆಲ್ಲಗೆ ಆರಿತು. ಚಪ್ಪಾಳೆ ಶುರುವಾದದ್ದು ತಡವಾಗಿ, ಶುರುವಾದದ್ದು ನಿಲ್ಲಲಿಲ್ಲ.

ಪರದೆಯ ಹಿಂದೆ, ಹಗ್ಗಗಳ ಸುರುಳಿಯ ಪಕ್ಕದಲ್ಲಿ, ಹುಡುಗಿ ತಾಯಿಯ ಎರಡೂ ಭುಜ ಹಿಡಿದು ಅಲುಗಿಸಿದಳು. "ಕರೀತಾ ಇದ್ದೆನಲ್ಲ, ಕೇಳಿಸಲಿಲ್ವಾ? ಯಾಕೆ ಏಳಲಿಲ್ಲ?"

"ಕೇಳಿಸ್ತು."

"ಮತ್ತೆ?"

"ಹೋದವರ ಭಾರ ಬೇಕು ಅಂದಿದ್ದೆಯಲ್ಲ ಮಗಳೇ." ತಾಯಿ ಮಗಳ ಊದಿದ ಗೆಣ್ಣನ್ನು ಹಿಡಿದು ನೋಡಿದಳು, ಬೆರಳು ಒಂದೊಂದನ್ನೇ ಮಡಿಸಿ ಬಿಡಿಸಿದಳು. ಮುರಿದಿರಲಿಲ್ಲ. "ಎತ್ತೋಕಾಯ್ತಾ?"

"ಇಲ್ಲ."

"ಆಗಲ್ಲ. ಇಷ್ಟು ಸಣಕಲಿ ನಾನು, ಒಣಗಿದ ನೆಲ. ಆದ್ರೂ ಆಗಲಿಲ್ಲ. ನಂಗೂ ಆಗಲ್ಲ, ಯಾರಿಗೂ ಆಗಲ್ಲ. ಅದು ಇಬ್ಬರ ಕೆಲಸ."

ಹುಡುಗಿ ತಾಯಿಯ ಮುಖವನ್ನೇ ನೋಡಿದಳು. ಅಷ್ಟು ಹೊತ್ತು ಅವಳು ತಾಯಿಯನ್ನು ನೋಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಹಾಗಾದ್ರೆ ನಾನಲ್ಲ."

"ನೀನಲ್ಲ."

ಹುಡುಗಿ ಇನ್ನೇನೂ ಕೇಳಲಿಲ್ಲ. ಕೇಳಿ, ಬೈದು, ಅತ್ತು ಮುಗಿಸಿದ್ದರೆ ಚೆನ್ನಾಗಿತ್ತೇನೋ. ತಾಯಿ ಅದಕ್ಕೂ ತಯಾರಾಗಿ ನಿಂತಿದ್ದಳು ಅಂತ ಕಾಣುತ್ತದೆ. ಆದರೆ ಅಷ್ಟರಲ್ಲಿ ಜತೆಯ ಹುಡುಗ ಹುಡುಗಿಯರು ಬಂದು ಮುತ್ತಿದರು, ಉತ್ಸವದ ಯಜಮಾನರು ಬಂದು ಕೈಕುಲುಕಿದರು. ಹುಡುಗಿ ಮುಖ ತೊಳೆಯಲು ಹೋದವಳು ಅವರ ಜತೆಯೇ ಹೊರಟುಹೋದಳು. ಕ್ರೇನಕ್ಕ ನನ್ನ ವ್ಯಾನಿನ ಮುಂದಿನ ಸೀಟಿನಲ್ಲಿ, ಅದೇ ಬೂದು ಬಟ್ಟೆಯಲ್ಲಿ ವಾಪಸು ಬಂದಳು. ದಾರಿಯುದ್ದಕ್ಕೂ ಹಿಂದೆ ಮಂಚ ಗಡಗಡ ಅನ್ನುತ್ತಿತ್ತು.

ಆ ನೃತ್ಯಕ್ಕೆ ಬೇರೆ ಊರುಗಳಿಂದ ಕರೆ ಬಂತು. ಹುಡುಗಿ ಒಂದು ತಂಡ ಸೇರಿ ತಿರುಗುತ್ತಿದ್ದಾಳೆ. ಕ್ರೇನಕ್ಕ ಹೊಸ ಮನೆಯೊಂದಕ್ಕೆ ಕೆಲಸಕ್ಕೆ ಸೇರಿದ್ದಾಳೆ. ಮೊನ್ನೆ ಆ ರೋಗಿಗೆಂದು ಊರುಗೋಲು ಒಯ್ಯಲು ಬಂದಳು.

"ಮಗಳು ಚೆನ್ನಾಗಿ ನಿದ್ದೆ ಮಾಡ್ತಾಳಂತೆ ಅಣ್ಣ. ಬಸ್ಸಲ್ಲೂ ಮಲಗಿಬಿಡ್ತಾಳಂತೆ, ಎಬ್ಬಿಸೋದೇ ಕಷ್ಟ ಅಂತೆ" ಅಂದಳು. ಮುಖ ಅರಳಿತ್ತು. "ನೃತ್ಯಾನೂ ಒಂಚೂರು ಬದಲಾಯಿಸಿದಾಳಂತೆ. ಅಜ್ಜಿ ಆಗೋಕೆ ತಂಡದಲ್ಲೇ ಒಬ್ಬರಿದ್ದಾರಂತೆ. ಈಗ ಇಬ್ಬರು ಸೇರಿ ಎತ್ತುತ್ತಾರೆ. ಇವಳು ಕೂಗಿದ ತಕ್ಷಣ ಇನ್ನೊಬ್ಬಳು ಓಡಿ ಬರ್ತಾಳಂತೆ."

"ಓಡಿ ಬರೋಳು ಯಾರು?"

"ಯಾರೋ ಒಬ್ಬಳು ಹುಡುಗಿ. ಹೆಸರು ಹೇಳಿದಳು, ಮರೆತೆ. ಬಹಳ ಚೆನ್ನಾಗಿ ಓಡ್ತಾಳಂತೆ."

"ಅದಕ್ಕೆ ನಿನ್ನನ್ನ ಕರೀಲಿಲ್ವಾ?" ಅಂದೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ.

"ನಂಗೆ ರಜ ಸಿಗಬೇಕಲ್ಲ ಅಣ್ಣ" ಅಂದಳು ಕ್ರೇನಕ್ಕ. ಊರುಗೋಲನ್ನು ಬಗಲಿಗೆ ಹಾಕಿಕೊಂಡು, ದೊಡ್ಡ ಚೀಲವನ್ನು ಇನ್ನೊಂದು ಹೆಗಲಿಗೇರಿಸಿ, ರಸ್ತೆ ದಾಟಿ ಹೋದಳು.